ದವಡೆ ಕೂಡಿಕೊಂಡಿತು, ಹಲ್ಲು ಯಾಕೆ ಕೂಡಲ್ಲ?

ಪ್ರಶ್ನೆ: ನನ್ನ ತಮ್ಮನಿಗೆ 27 ವರ್ಷ. ಐದು ತಿಂಗಳ ಹಿಂದೆ ಬೈಕಿನಿಂದ ಬಿದ್ದು ಕೆಳದವಡೆ ಮುರಿಯಿತು. ಪ್ಲೇಟ್ ಹಾಕಿದರು, ಒಂದೂವರೆ ತಿಂಗಳಲ್ಲಿ ಕೂಡಿಕೊಂಡಿತು. ಆದರೆ ಮೇಲಿನ ಮುಂದಿನ ಹಲ್ಲೊಂದು ಬೇರುಸಮೇತ ಕಿತ್ತು ಬಂದಿತ್ತು. ಕರ್ಚೀಫಿನಲ್ಲಿ ಸುತ್ತಿಕೊಂಡು ಹೋದೆವು. ಆಸ್ಪತ್ರೆ ಸೇರುವಷ್ಟರಲ್ಲಿ ನಾಲ್ಕು ಗಂಟೆ ಆಗಿತ್ತು, ಈಗ ಕೂರಿಸಿದರೂ ಬಾಳಿಕೆ ಬರಲ್ಲ ಅಂದರು. ಪಕ್ಕದ ಹಲ್ಲಿನ ತುದಿಯೂ ಮುರಿದಿದೆ. ಅಷ್ಟು ದೊಡ್ಡ ಮೂಳೆ ತಾನಾಗಿ ಕೂಡುತ್ತದೆ ಅಂದಮೇಲೆ ಇಷ್ಟು ಚಿಕ್ಕ ಹಲ್ಲು ಯಾಕೆ ಕೂಡುವುದಿಲ್ಲ? ಜಪಾನಿನಲ್ಲಿ ಹಲ್ಲು ಮತ್ತೆ ಹುಟ್ಟಿಸುವ ಔಷಧ ಬಂದಿದೆಯಂತೆ. ಮೂಳೆಯೊಳಗೆ ಕೂರಿಸುವ ಕೃತಕ ಹಲ್ಲು, ಅದೇ ಇಂಪ್ಲಾಂಟ್, ಬೇಡ, ಆ ಔಷಧಕ್ಕೇ ಕಾಯುತ್ತೇನೆ ಅಂತ ಹಟ ಹಿಡಿದು ಕೂತಿದ್ದಾನೆ. ಏನು ಹೇಳಲಿ?

ಉತ್ತರ: ತಮ್ಮನಿಗೆ ಹೇಳಬೇಕಾದ ಮಾತು ಮೊದಲು. ಆ ಔಷಧಕ್ಕೆ ಕಾಯುವುದು ಬೇಡ. ಸುದ್ದಿ ಸುಳ್ಳು ಅಂತ ಅಲ್ಲ. ಆ ಸಂಶೋಧನೆ ನಿಜ, ಒಳ್ಳೆಯ ಸಂಶೋಧನೆಯೂ ಹೌದು. ಆದರೆ ಅವನು ಕಾಯಬಹುದು, ಹಲ್ಲು ಬಿದ್ದ ಜಾಗದ ಮೂಳೆ ಕಾಯುವುದಿಲ್ಲ. ಈ ಐದು ತಿಂಗಳಲ್ಲಿ ಅದು ಆಗಲೇ ಸವೆದಿದೆ, ಇನ್ನೂ ಸವೆಯುತ್ತಿದೆ. ಯಾಕೆ ಅನ್ನುವುದಕ್ಕೆ ನಿಮ್ಮ ಪ್ರಶ್ನೆಯಿಂದಲೇ ಶುರು ಮಾಡಬೇಕು, ಯಾಕೆಂದರೆ ಎರಡಕ್ಕೂ ಉತ್ತರ ಒಂದೇ ಕಡೆ ಇದೆ.

ಮೂಳೆ ಗಟ್ಟಿ ಕಲ್ಲಿನಂತೆ ಕಂಡರೂ ಅದು ಜೀವಂತ ಜಾಗ. ಅದರ ಮೇಲೆ ತೆಳ್ಳಗಿನ ಒಂದು ಪೊರೆ ಇರುತ್ತದೆ, ಒಳಗೆ ಮಜ್ಜೆ ಇರುತ್ತದೆ. ಎರಡರಲ್ಲೂ ಆಕರಕೋಶಗಳು, ಅಂದರೆ ಸ್ಟೆಮ್ ಸೆಲ್‌ಗಳು, ಕೆಲಸ ಬರುವವರೆಗೆ ಸುಮ್ನೆ ಕೂತಿರುತ್ತವೆ. ದವಡೆ ಮುರಿದಾಗ ಅಲ್ಲಿ ರಕ್ತ ಸುರಿದು ಹೆಪ್ಪುಗಟ್ಟುತ್ತದೆ. ನಮ್ಮ ಕಣ್ಣಿಗೆ ಅದು ಬರೀ ಗಾಯ, ಆದರೆ ರಿಪೇರಿ ಶುರುವಾಗುವುದೇ ಆ ಹೆಪ್ಪಿನಿಂದ. ಅದರೊಳಗೆ ಹೊಸ ರಕ್ತನಾಳಗಳು ನುಗ್ಗುತ್ತವೆ, ಅವುಗಳ ಹಿಂದೆಯೇ ಆಕರಕೋಶಗಳು ಬರುತ್ತವೆ, ಬಂದು ಮೂಳೆ ಕಟ್ಟುವ ಕೋಶಗಳಾಗುತ್ತವೆ. ಮೊದಲು ಹೆಣೆಯುವುದು ಒರಟು ಮೂಳೆ, ಅವಸರದ ಕೆಲಸ. ಆಮೇಲೆ ತಿಂಗಳುಗಟ್ಟಲೆ ಅದನ್ನು ಸ್ವಲ್ಪ ಸ್ವಲ್ಪ ಕರಗಿಸಿ, ಆ ಜಾಗದಲ್ಲಿ ಸಾಲಾಗಿ ಜೋಡಿಸಿದ ಒಳ್ಳೆಯ ಮೂಳೆ ಕಟ್ಟುತ್ತಾ ಹೋಗುತ್ತವೆ. ಚರ್ಮ ಕುಯ್ದರೆ ಕಲೆ ಉಳಿಯುತ್ತದೆ ಅಲ್ವಾ? ಮೂಳೆ ಮೂಳೆಯಾಗಿಯೇ ವಾಸಿಯಾಗುತ್ತದೆ.

ಪ್ಲೇಟ್ ಮೂಳೆಯನ್ನು ಅಂಟಿಸಿತು ಅಂತ ತುಂಬಾ ಜನ ತಿಳಿದುಕೊಂಡಿರುತ್ತಾರೆ. ಅದು ಅಂಟಿಸುವುದಿಲ್ಲ, ಅಲುಗಾಡದಂತೆ ಹಿಡಿದುಕೊಳ್ಳುತ್ತದೆ. ಮುರಿದ ತುದಿಗಳು ಒಂದರ ಮೇಲೊಂದು ಉಜ್ಜುತ್ತಿದ್ದರೆ ಆ ಎಳೆಯ ರಕ್ತನಾಳಗಳು ಹರಿದುಹೋಗುತ್ತವೆ, ಆಗ ಮೂಳೆಯ ಬದಲು ಮೆದು ಅಂಗಾಂಶ ತುಂಬಿಕೊಳ್ಳುತ್ತದೆ. ಹಿಂದೆ ಇದಕ್ಕಾಗಿಯೇ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಬಿಗಿದು ವಾರಗಟ್ಟಲೆ ಬಾಯಿ ಮುಚ್ಚಿಸಿ, ಗಂಜಿ ಕುಡಿಸಿ ಇಡುತ್ತಿದ್ದರು. 1970ರ ದಶಕದಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಮ್ಯಾಕ್ಸಿಮ್ ಶಾಂಪಿ ಮತ್ತು ಅವರ ತಂಡ, ಅಗಿಯುವಾಗ ದವಡೆಯ ಯಾವ ಗೆರೆಯಲ್ಲಿ ಎಳೆತ ಬೀಳುತ್ತದೆ ಅಂತ ಲೆಕ್ಕ ಹಾಕಿ, ಸರಿಯಾಗಿ ಅಲ್ಲೇ ಚಿಕ್ಕ ಪ್ಲೇಟ್ ಕೂರಿಸಿದರೆ ಸಾಕು ಅಂತ ತೋರಿಸಿಕೊಟ್ಟರು. ನಿಮ್ಮ ತಮ್ಮ ಬೇಗ ಬಾಯಿ ತೆರೆಯುವಂತಾಗಿದ್ದರೆ ಅದಕ್ಕೆ ಆ ಲೆಕ್ಕ ಕಾರಣ. ಮುಖಕ್ಕೆ ರಕ್ತದ ಹರಿವು ಜಾಸ್ತಿ ಇರುವುದೂ ಒಂದು ಕಾರಣ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ, ಯಾಕೆಂದರೆ ಮುಖದ ಮೂಳೆಯ ಹುಟ್ಟು ಕೈಕಾಲಿನ ಮೂಳೆಯ ಹುಟ್ಟಿನಂತೆ ಅಲ್ಲ. ಭ್ರೂಣ ಇನ್ನೂ ಮೂರು ನಾಲ್ಕು ವಾರದ್ದಿರುವಾಗ ಅದರ ಬೆನ್ನ ಮೇಲೆ ಒಂದು ಮಡಿಕೆ ಎದ್ದು, ಮುಚ್ಚಿಕೊಂಡು ಕೊಳವೆಯಾಗುತ್ತದೆ. ಮುಂದೆ ಮಿದುಳು, ಬೆನ್ನುಹುರಿ ಆಗುವುದು ಅದೇ ಕೊಳವೆ. ಆ ಮಡಿಕೆಯ ಅಂಚಿನಲ್ಲಿದ್ದ ಕೆಲವು ಕೋಶಗಳು ಅಲ್ಲಿಂದ ಕಳಚಿಕೊಂಡು ನಡೆಯುತ್ತಾ ಮುಖ ಆಗಬೇಕಾದ ಜಾಗಕ್ಕೆ ಬರುತ್ತವೆ. ಇವನ್ನು ನರಶಿಖೆಯ ಕೋಶಗಳು ಅನ್ನುತ್ತಾರೆ. ದವಡೆ, ಕೆನ್ನೆಯ ಮೂಳೆ, ಮೂಗಿನ ಮೂಳೆ, ಹಲ್ಲಿನ ಬಿಳಿ ಪದರದ ಕೆಳಗಿನ ಗಟ್ಟಿ ಭಾಗವಾದ ಡೆಂಟಿನ್, ಹಲ್ಲನ್ನು ಮೂಳೆಗೆ ಕಟ್ಟಿ ಹಿಡಿಯುವ ನಾರು, ಎಲ್ಲವೂ ಇವುಗಳ ಕೈಕೆಲಸ.

ಇದನ್ನು ಮೊದಲು ಗಟ್ಟಿಯಾಗಿ ಹೇಳಿದವರು ಜೂಲಿಯಾ ಪ್ಲಾಟ್ ಅನ್ನುವ ಅಮೆರಿಕದ ಹೆಣ್ಣುಮಗಳು. 1893ರಲ್ಲಿ. ಮಡ್‌ಪಪ್ಪಿ ಅಂತ ಒಂದು ಪ್ರಾಣಿ ಇದೆ, ಕಪ್ಪೆಯ ದೂರದ ನೆಂಟ, ಹಲ್ಲಿಯ ಹಾಗೆ ಕಾಣುತ್ತದೆ, ನೀರಲ್ಲೇ ಬಾಳುತ್ತದೆ. ಭ್ರೂಣ ಮೊದಲು ಹೊರಪದರ, ನಡುಪದರ, ಒಳಪದರ ಅಂತ ಮೂರು ಪದರವಾಗಿರುತ್ತದೆ. ಈ ಪ್ರಾಣಿಯ ಭ್ರೂಣದಲ್ಲಿ ಹೊರಪದರದ ಕೋಶಗಳಲ್ಲಿರುವ ಮೊಟ್ಟೆಯ ಹಳದಿಯ ಕಣಗಳೂ ಒಳಪದರಗಳ ಕಣಗಳೂ ಒಂದೇ ಥರ ಕಾಣುವುದಿಲ್ಲ. ಆ ವ್ಯತ್ಯಾಸವನ್ನೇ ಗುರುತು ಹಿಡಿದು ನೋಡಿದಾಗ, ತಲೆಯ ಮೃದ್ವಸ್ಥಿ, ಅಂದರೆ ಕಿವಿಯಲ್ಲಿರುವಂಥ ಮೆದು ಎಲುಬು, ಮತ್ತು ಡೆಂಟಿನ್ ಮಾಡುವ ಕೋಶಗಳು ಹೊರಪದರದಿಂದ ಬಂದಿವೆ ಅಂತ ಅವರಿಗೆ ಕಂಡಿತು. ಅಂದಿನ ವಿಜ್ಞಾನಿಗಳು ಒಪ್ಪಲಿಲ್ಲ. ಅಸ್ಥಿಪಂಜರ ಎಲ್ಲವೂ ನಡುಪದರದಿಂದಲೇ ಬರಬೇಕು ಅನ್ನುವುದು ಅಂದಿನ ನಿಯಮ. ಪ್ಲಾಟ್ ಜರ್ಮನಿಯಲ್ಲಿ ಡಾಕ್ಟರೇಟ್ ಪಡೆದರು, ಆದರೂ ಪಾಠ ಹೇಳುವ ಒಂದು ಕೆಲಸ ಸಿಗಲಿಲ್ಲ. ಕ್ಯಾಲಿಫೋರ್ನಿಯಾದ ಪೆಸಿಫಿಕ್ ಗ್ರೋವ್ ಅನ್ನುವ ಊರಿಗೆ ಹೋಗಿ ನೆಲೆಸಿದರು, 1931ರಲ್ಲಿ ಆ ಊರಿನ ಮೇಯರ್ ಆದರು, ಅಲ್ಲಿನ ಕಡಲತೀರದ ಜೀವಿಗಳನ್ನು ಕಾಪಾಡುವ ಕೆಲಸ ಮಾಡಿದರು. ವಿಜ್ಞಾನಕ್ಕೆ ಮಾತ್ರ ಮರಳಿ ಬರಲಿಲ್ಲ. ಅವರು ಹೇಳಿದ್ದು ಸರಿ ಅಂತ ಎಲ್ಲರೂ ಒಪ್ಪುವ ಹೊತ್ತಿಗೆ ಅವರು ತೀರಿಕೊಂಡು ದಶಕಗಳಾಗಿದ್ದವು. ವಿದ್ಯಾರ್ಥಿಗಳಿಗೆ ಈ ಪಾಠ ಮಾಡುವಾಗ ನಾನು ಪ್ಲಾಟ್ ಅವರ ಹೆಸರು ಹೇಳದೆ ಮುಂದೆ ಹೋಗುವುದಿಲ್ಲ.

ಖಚಿತವಾದ ಸಾಕ್ಷಿ ಸಿಕ್ಕಿದ್ದು ಫ್ರಾನ್ಸಿನ ನಿಕೋಲ್ ಲ ದುವಾರಾಂ ಅವರಿಂದ, 1969ರಿಂದ ಈಚೆಗೆ. ಲಾವಕ್ಕಿಯ ಕೋಶಗಳ ಕೇಂದ್ರದಲ್ಲಿ ಒಂದು ಕಪ್ಪು ಚುಕ್ಕೆ ಎದ್ದು ಕಾಣುತ್ತದೆ, ಕೋಳಿಯ ಕೋಶದಲ್ಲಿ ಹಾಗೆ ಕಾಣುವುದಿಲ್ಲ. ಅವರು ಲಾವಕ್ಕಿ ಭ್ರೂಣದ ನರಶಿಖೆಯನ್ನು ಕೋಳಿ ಭ್ರೂಣಕ್ಕೆ ಕಸಿ ಮಾಡಿ, ಆ ಚುಕ್ಕೆ ಎಲ್ಲೆಲ್ಲಿ ಹೋಯಿತು ಅಂತ ಹಿಂಬಾಲಿಸಿದರು. ಹಾಗೆ ನೋಡಿದರೆ ಮುಖದ ಮೂಳೆಯ ತುಂಬಾ ಅದೇ ಚುಕ್ಕೆ. 2003ರಲ್ಲಿ ಇನ್ನೂ ಒಂದು ಪ್ರಯೋಗ ಬಂತು. ಬಾತುಕೋಳಿಯ ನರಶಿಖೆಯನ್ನು ಲಾವಕ್ಕಿಗೆ ಕಸಿ ಮಾಡಿದರೆ ಲಾವಕ್ಕಿಗೆ ಬಾತಿನ ಚಪ್ಪಟೆ ಕೊಕ್ಕು ಬಂತು! ಕೊಕ್ಕಿನ ಆಕಾರವನ್ನು ಆ ಕೋಶಗಳು ನಡೆದು ಬರುವಾಗ ತಮ್ಮ ಜೊತೆಯಲ್ಲೇ ಹೊತ್ತು ತರುತ್ತವೆ ಅಂತ ಆಯಿತು.

ಇದು ಬರೀ ಭ್ರೂಣದ ಕಥೆ ಆಗಿದ್ದರೆ ನಿಮಗೆ ಹೇಳುತ್ತಿರಲಿಲ್ಲ. ದವಡೆ ತೀರಾ ಚಿಕ್ಕದಾಗಿ ಹುಟ್ಟಿದ ಮಕ್ಕಳಿಗೆ ನಾವು ಒಂದು ಚಿಕಿತ್ಸೆ ಮಾಡುತ್ತೇವೆ. ಮೂಳೆಯನ್ನು ಬೇಕೆಂದೇ ಕತ್ತರಿಸಿ, ಒಂದು ಸ್ಕ್ರೂ ಸಾಧನ ಕೂರಿಸಿ, ದಿನಕ್ಕೆ ಸುಮಾರು 1 ಮಿಲಿಮೀಟರ್‌ನಂತೆ ಎಳೆಯುತ್ತಾ ಹೋಗುವುದು. ಎಳೆದ ಸಂದಿಯಲ್ಲಿ ಹೊಸ ಮೂಳೆ ತುಂಬಿಕೊಳ್ಳುತ್ತದೆ. ಕಾಲಿನ ಮೂಳೆಗೆ ಇದನ್ನು ಕಂಡುಹಿಡಿದವರು ರಷ್ಯಾದ ಕುರ್ಗಾನ್‌ನಲ್ಲಿದ್ದ ಇಲಿಜಾರೊವ್. ಮನುಷ್ಯರ ಕೆಳದವಡೆಗೆ ಮಾಡಿ 1992ರಲ್ಲಿ ವರದಿ ಮಾಡಿದವರು ನ್ಯೂಯಾರ್ಕಿನ ಜೋಸೆಫ್ ಮೆಕಾರ್ಥಿ. ಯಾಕೆ ಹೀಗೆ ತುಂಬಿಕೊಳ್ಳುತ್ತದೆ ಅನ್ನುವುದಕ್ಕೆ 2018ರಲ್ಲಿ ಸ್ಟ್ಯಾನ್‌ಫರ್ಡ್‌ನ ತಂಡ ಇಲಿಗಳ ದವಡೆ ಎಳೆದು ನೋಡಿತು. ಎಳೆತ ಬಿದ್ದಾಗ ದವಡೆಯಲ್ಲಿದ್ದ ಆಕರಕೋಶಗಳು, ಭ್ರೂಣದಲ್ಲಿ ನರಶಿಖೆಯ ಕೋಶಗಳಾಗಿದ್ದಾಗ ಯಾವ ಜೀನ್‌ಗಳನ್ನು ಬಳಸುತ್ತಿದ್ದವೋ ಅವನ್ನೇ ಮತ್ತೆ ಎಬ್ಬಿಸಿದ್ದವು. ಬೆಳೆದ ದವಡೆ ತನ್ನ ಹುಟ್ಟನ್ನು ಪೂರ್ತಿ ಮರೆತಿರುವುದಿಲ್ಲ.

ಈಗ ಹಲ್ಲಿಗೆ ಬರೋಣ. ಹಲ್ಲಿನ ಮೇಲಿನ ಬಿಳಿ ಪದರ, ಎನಾಮೆಲ್, ನರಶಿಖೆಯ ಕೆಲಸ ಅಲ್ಲ. ಅದನ್ನು ಕಟ್ಟುವುದು ಬಾಯಿಯ ಒಳಚರ್ಮದಿಂದ ಬಂದ ಬೇರೆ ಕೋಶಗಳು. ಹಲ್ಲು ಇನ್ನೂ ವಸಡಿನ ಒಳಗೆ ಅಡಗಿರುವಾಗ ಅವು ಎನಾಮೆಲ್ ಅನ್ನು ಪದರ ಪದರವಾಗಿ ಹಾಕುತ್ತವೆ, ಹಾಕಿ ಹೊರಕ್ಕೆ ಸರಿಯುತ್ತವೆ, ಹಲ್ಲು ವಸಡು ಸೀಳಿ ಹೊರಬರುವಾಗ ಸತ್ತುಹೋಗುತ್ತವೆ. ಅಲ್ಲಿಗೆ ಮುಗಿಯಿತು. ಎನಾಮೆಲ್‌ನಲ್ಲಿ ತೂಕದ ಶೇ. 96ರಷ್ಟು ಬರೀ ಖನಿಜ, ನಮ್ಮ ದೇಹದಲ್ಲಿ ಅದಕ್ಕಿಂತ ಗಟ್ಟಿ ವಸ್ತು ಇಲ್ಲ, ಆದರೆ ಅದರೊಳಗೆ ಒಂದು ಕೋಶವೂ ಇಲ್ಲ, ಒಂದು ರಕ್ತನಾಳವೂ ಇಲ್ಲ. ಮೂಳೆ ಅಂದರೆ ಮೇಸ್ತ್ರಿ ಒಳಗೇ ವಾಸ ಇರುವ ಮನೆ. ಎನಾಮೆಲ್ ಅಂದರೆ ಮೇಸ್ತ್ರಿ ಕಟ್ಟಿ ಮುಗಿಸಿ ಹೊರಟುಹೋದ ಮನೆ. ನಿಮ್ಮ ಪ್ರಶ್ನೆಗೆ ಉತ್ತರ ಇದೇ. ದೊಡ್ಡದು, ಚಿಕ್ಕದು ಅನ್ನುವ ಲೆಕ್ಕ ಇಲ್ಲಿ ಬರುವುದೇ ಇಲ್ಲ. ಎಂಜಲಿನಲ್ಲಿರುವ ಸುಣ್ಣದಂಶ ಸಣ್ಣ ಸವೆತವನ್ನು ಸ್ವಲ್ಪ ಗಟ್ಟಿ ಮಾಡುತ್ತದೆ, ಅಷ್ಟೇ. ಮುರಿದ ಚೂರನ್ನು ಅದು ತುಂಬಲಾರದು.

ಹೀಗೆ ರಿಪೇರಿ ಇಲ್ಲದ್ದರಿಂದ ಎನಾಮೆಲ್ ಕಟ್ಟುವಾಗ ಏನು ನಡೆಯಿತೋ ಅದು ಹಾಗೇ ಉಳಿದುಬಿಡುತ್ತದೆ. ಹಾಲುಹಲ್ಲನ್ನು ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಂದು ಗೆರೆ ಕಾಣುತ್ತದೆ, ಮಗು ಹುಟ್ಟಿದ ದಿನ ಬಿದ್ದ ಗೆರೆ ಅದು. ನಮ್ಮ ಪಾವಗಡ, ಮುಂಡರಗಿ, ಕೋಲಾರದ ಕಡೆ ಕೊಳವೆಬಾವಿಯ ನೀರು ಕುಡಿದು ಬೆಳೆದವರ ಹಲ್ಲಿನ ಮೇಲೆ ಕಂದು ಪಟ್ಟೆಗಳನ್ನು ನೋಡಿರುತ್ತೀರಿ. ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಅಂತ ನಮ್ಮ ದೇಶದ ಮಾನದಂಡ. ಅಲ್ಲಿ ಎಷ್ಟೋ ಬಾವಿಗಳಲ್ಲಿ ಅದು ಮೀರಿದೆ. ಮಗುವಿಗೆ ಏಳೆಂಟು ವರ್ಷ ಆಗುವ ತನಕ, ಅಂದರೆ ಕಾಯಂ ಹಲ್ಲುಗಳ ಎನಾಮೆಲ್ ಒಳಗೆ ಕಟ್ಟುತ್ತಿರುವಾಗ, ಫ್ಲೋರೈಡ್ ಜಾಸ್ತಿ ಹೋದರೆ ಆ ಕೋಶಗಳ ಕೆಲಸ ಕೆಡುತ್ತದೆ. ದೊಡ್ಡವರಾದ ಮೇಲೆ ಅದೇ ನೀರು ಕುಡಿಯಲು ಶುರು ಮಾಡಿದವರ ಹಲ್ಲಿಗೆ ಆ ಪಟ್ಟೆ ಬರುವುದಿಲ್ಲ. ಆ ಊರುಗಳ ಮಕ್ಕಳು ನಗುವಾಗ ಬಾಯಿಗೆ ಕೈ ಅಡ್ಡ ಇಡುವುದನ್ನು ನೋಡಿದರೆ ಸಂಕಟವಾಗುತ್ತದೆ. ಉಜ್ಜದೆ ಆದ ಕೊಳಕು ಅಂತ ಯಾರೂ ಅವರನ್ನು ಬೈಯಬಾರದು.

ಎನಾಮೆಲ್‌ನ ಕೆಳಗಿನ ಡೆಂಟಿನ್ ಕಥೆ ಬೇರೆ. ಅದನ್ನು ಕಟ್ಟಿದ ಕೋಶಗಳು ಸಾಯದೆ, ಹಲ್ಲಿನ ನಡುವಿನ ಪಲ್ಪ್ ಅಂಚಿನಲ್ಲಿ, ಜನ ನರ ಅನ್ನುತ್ತಾರಲ್ಲ ಅಲ್ಲಿ, ಜೀವ ಇಟ್ಟುಕೊಂಡು ಕೂತಿರುತ್ತವೆ. ಹುಳುಕು ಹತ್ತಿರ ಬಂದರೆ ಅಥವಾ ತುದಿ ಮುರಿದರೆ ಒಳಗಡೆಯಿಂದ ಹೊಸ ಡೆಂಟಿನ್ ಹಾಕಿ ಪಲ್ಪ್ ಅನ್ನು ಕಾಪಾಡಿಕೊಳ್ಳಲು ನೋಡುತ್ತವೆ. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಪಾಲ್ ಶಾರ್ಪ್ ಅವರ ತಂಡ 2017ರಲ್ಲಿ, ಮರೆವಿನ ಕಾಯಿಲೆಗಾಗಿ ಪರೀಕ್ಷೆಯಲ್ಲಿದ್ದ ಟೈಡೆಗ್ಲುಸಿಬ್ ಅನ್ನುವ ಔಷಧವನ್ನು ಕೊಲಾಜನ್ ಸ್ಪಂಜಿನ ಚೂರಿನಲ್ಲಿ ನೆನೆಸಿ ಇಲಿಯ ಹಲ್ಲಿನ ತೂತಿಗೆ ಇಟ್ಟಿತು. ಸ್ಪಂಜ್ ಕರಗುತ್ತಾ ಹೋದಂತೆ ಆ ಜಾಗದಲ್ಲಿ ಡೆಂಟಿನ್ ತುಂಬಿತು. ಇದು ಇಲಿಯಲ್ಲಿ ಆದದ್ದು. ಆದರೆ ನಿಮ್ಮ ತಮ್ಮನ ಆ ತುದಿ ಮುರಿದ ಹಲ್ಲಿನೊಳಗೆ ಕಟ್ಟುವವರು ಇನ್ನೂ ಬದುಕಿರಬಹುದು ಅನ್ನುವುದು ಮುಖ್ಯ. ಹಾಗಾಗಿ ನೋವಿಲ್ಲ ಅಂತ ಸುಮ್ಮನಿರಬೇಡಿ, ಮುರಿದಿದೆ ಅಂತ ನೇರ ರೂಟ್ ಕೆನಾಲ್‌ಗೂ ಹೋಗಬೇಡಿ. ಮೊದಲು ಆ ಹಲ್ಲಿಗೆ ಜೀವ ಇದೆಯಾ ಅಂತ ತಣ್ಣನೆಯದನ್ನು ತಾಗಿಸಿ ನೋಡುವ ಪರೀಕ್ಷೆ ಮಾಡಿಸಿ. ಇದ್ದರೆ ಹಲ್ಲಿನ ಬಣ್ಣದ ಫಿಲ್ಲಿಂಗ್‌ನಿಂದ ತುದಿ ಕಟ್ಟಿದರೆ ಸಾಕಾಗಬಹುದು.

ಕಿತ್ತು ಬಂದ ಹಲ್ಲಿನ ವಿಷಯ. ಹಲ್ಲಿನ ಬೇರು ಮೂಳೆಗೆ ನೇರ ಅಂಟಿರುವುದಿಲ್ಲ, ನಡುವೆ ಕೂದಲೆಳೆಯಷ್ಟು ದಪ್ಪದ ನಾರಿನ ಪದರ ಇರುತ್ತದೆ. ಹಲ್ಲು ಕಿತ್ತಾಗ ಆ ನಾರು ಅರ್ಧ ಬೇರಿನ ಮೇಲೆ, ಅರ್ಧ ಗುಳಿಯಲ್ಲಿ ಉಳಿಯುತ್ತದೆ. ಬೇರಿನ ಮೇಲಿನ ಕೋಶಗಳು ಒಣಗದೆ ಬದುಕಿದ್ದರೆ ವಾಪಸ್ ಕೂರಿಸಿದ ಹಲ್ಲು ಮತ್ತೆ ಹಿಡಿದುಕೊಳ್ಳುತ್ತದೆ. ಕರ್ಚೀಫಿನಲ್ಲಿ, ಗಾಳಿಯಲ್ಲಿ, ಒಂದು ಗಂಟೆಯೊಳಗೆ ಅವು ಸಾಯುತ್ತವೆ. ಆಮೇಲೆ ಕೂರಿಸಿದರೂ ನಾರಿಲ್ಲದ ಬೇರನ್ನು ಮೂಳೆ ತನ್ನದೇ ಭಾಗ ಅಂತ ತಿಳಿದು, ಹಳೆ ಮೂಳೆಯನ್ನು ಕರಗಿಸುವ ಹಾಗೇ ಬೇರನ್ನೂ ಕರಗಿಸಿ ಅಲ್ಲಿ ಮೂಳೆ ತುಂಬುತ್ತದೆ. ಬಾಳಿಕೆ ಬರಲ್ಲ ಅಂದದ್ದು ಇದಕ್ಕೇ. ನಿಮ್ಮನ್ನು ನೀವು ದೂರಿಕೊಳ್ಳಬೇಡಿ, ಆ ಹೊತ್ತಿನಲ್ಲಿ ರಕ್ತ ನಿಲ್ಲಿಸುವುದೇ ದೊಡ್ಡ ಕೆಲಸ. ಆದರೆ ಇದನ್ನು ಓದುವ ಉಳಿದವರಿಗಾಗಿ ಹೇಳುತ್ತೇನೆ. ದೊಡ್ಡವರ ಹಲ್ಲು ಬಿದ್ದರೆ ಬೇರು ಮುಟ್ಟದೆ ಬಿಳಿ ಭಾಗ ಹಿಡಿದು ಎತ್ತಿ, ಮಣ್ಣಿದ್ದರೆ ಹಾಲಿನಲ್ಲಿ ಅಥವಾ ನೀರಿನಲ್ಲಿ ಮೆಲ್ಲಗೆ ಅದ್ದಿ ತೆಗೆದು, ಆಗಿಂದಾಗಲೇ ಗುಳಿಗೆ ಕೂರಿಸಿ ಬಟ್ಟೆ ಕಚ್ಚಿಸಿ ಹೊರಡಿ. ಕೈ ಬರದಿದ್ದರೆ ಒಂದು ಲೋಟ ತಣ್ಣನೆ ಹಾಲಿನಲ್ಲಿ ಹಾಕಿಕೊಂಡು ಓಡಿ. ಹಾಲುಹಲ್ಲನ್ನು ಮಾತ್ರ ವಾಪಸ್ ಕೂರಿಸಬಾರದು, ಕೆಳಗಿರುವ ಕಾಯಂ ಹಲ್ಲಿನ ಮೊಗ್ಗಿಗೆ ಪೆಟ್ಟಾಗುತ್ತದೆ.

ಜಪಾನಿನ ಔಷಧದ ವಿಷಯ ಹೇಳಲು 1965ಕ್ಕೆ ಹೋಗಬೇಕು. ಅಮೆರಿಕದ ಮಾರ್ಷಲ್ ಯೂರಿಸ್ಟ್ ಆ ವರ್ಷ, ಸುಣ್ಣದಂಶ ತೆಗೆದ ಮೂಳೆಯ ಚೂರನ್ನು ಪ್ರಾಣಿಗಳ ಸ್ನಾಯುವಿನೊಳಗೆ ಇಟ್ಟರೆ ಅಲ್ಲಿ, ಮೂಳೆಯೇ ಇರಬಾರದ ಜಾಗದಲ್ಲಿ, ಹೊಸ ಮೂಳೆ ಹುಟ್ಟುತ್ತದೆ ಅಂತ ತೋರಿಸಿದರು. ಮೂಳೆಯಲ್ಲಿ ಅಡಗಿದ್ದ ಆ ಸಂದೇಶ ಕೊಡುವ ಪ್ರೋಟೀನಿಗೆ ಆಮೇಲೆ ಬಿಎಂಪಿ ಅಂತ ಹೆಸರಾಯಿತು. ಹಲ್ಲಿನ ಮೊಗ್ಗು ಬೆಳೆಯುವುದಕ್ಕೂ ಅದೇ ಸಂದೇಶ ಬೇಕು. ಅದಕ್ಕೆ ಬ್ರೇಕ್ ಹಾಕುವ ಇನ್ನೊಂದು ಪ್ರೋಟೀನ್ ಇದೆ, ಯುಎಸ್‌ಎಜಿ-1. ಆ ಬ್ರೇಕ್ ಹುಟ್ಟಿನಿಂದಲೇ ಇಲ್ಲದ ಇಲಿಗಳಿಗೆ ಹೆಚ್ಚುವರಿ ಹಲ್ಲು ಬರುತ್ತವೆ. ಕ್ಯೋಟೋದ ಕತ್ಸು ತಕಹಾಶಿ ಮತ್ತು ಸಂಗಡಿಗರು ಆ ಬ್ರೇಕನ್ನು ಹಿಡಿದು ನಿಲ್ಲಿಸುವ ಪ್ರತಿಕಾಯ, ಅಂದರೆ ಆ ಪ್ರೋಟೀನಿಗೇ ಹೋಗಿ ಅಂಟಿಕೊಳ್ಳುವ ಆ್ಯಂಟಿಬಾಡಿ, ತಯಾರಿಸಿದರು. ಹುಟ್ಟಿನಿಂದ ಹಲ್ಲು ಕಮ್ಮಿ ಇರುವ ಇಲಿಗಳಲ್ಲಿ ಒಂದೇ ಡೋಸಿಗೆ ಹಲ್ಲು ಬೆಳೆಯಿತು, ಫೆರೆಟ್ ಅನ್ನುವ ಪ್ರಾಣಿಗೂ ಹೊಸ ಹಲ್ಲು ಬಂತು ಅಂತ 2021ರಲ್ಲಿ ಪ್ರಕಟಿಸಿದರು. ಫೆರೆಟ್‌ಗೆ ನಮ್ಮ ಹಾಗೆ ಹಾಲುಹಲ್ಲು, ಕಾಯಂ ಹಲ್ಲು ಎರಡೂ ಇರುವುದರಿಂದ ಆ ಫಲಿತಾಂಶಕ್ಕೆ ಬೆಲೆ ಜಾಸ್ತಿ. 2024ರ ಅಕ್ಟೋಬರ್‌ನಲ್ಲಿ ಕ್ಯೋಟೋ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಮನುಷ್ಯರ ಮೇಲಿನ ಮೊದಲ ಹಂತದ ಪರೀಕ್ಷೆ ಶುರುವಾಯಿತು. 30ರಿಂದ 64 ವರ್ಷದೊಳಗಿನ, ಒಂದಾದರೂ ದವಡೆಹಲ್ಲು ಇಲ್ಲದ 30 ಗಂಡಸರ ಮೇಲೆ.

ಆ ಮೊದಲ ಹಂತ ಕೇಳುವುದು ಒಂದೇ ಪ್ರಶ್ನೆ, ಈ ಔಷಧ ದೇಹಕ್ಕೆ ತೊಂದರೆ ಕೊಡುತ್ತದಾ ಅಂತ. ಆಮೇಲಿನ ಸರದಿ ಹುಟ್ಟಿನಿಂದಲೇ ನಾಲ್ಕು ಅಥವಾ ಅದಕ್ಕಿಂತ ಜಾಸ್ತಿ ಹಲ್ಲು ಇಲ್ಲದ 2ರಿಂದ 7 ವರ್ಷದ ಮಕ್ಕಳದು. ಆ ಮಕ್ಕಳಲ್ಲಿ ಮೊಗ್ಗು ಬೆಳೆಯದೆ ನಿಂತಿರುತ್ತದೆ, ಬ್ರೇಕ್ ತೆಗೆದರೆ ಹೊರಡಬಹುದು ಅನ್ನುವುದು ಲೆಕ್ಕ. ಇದು ನನಗೆ ನಿಜವಾಗಿ ಖುಷಿ ಕೊಡುವ ಕೆಲಸ. ನಾಲ್ಕೈದು ಹಲ್ಲೇ ಇಲ್ಲದೆ ಹುಟ್ಟಿದ ಮಕ್ಕಳಿಗೆ ದವಡೆ ಬೆಳೆಯುವ ತನಕ ಇಂಪ್ಲಾಂಟ್ ಹಾಕುವ ಹಾಗಿಲ್ಲ, ಅವರಿಗೆ ನಮ್ಮ ಕೈಯಲ್ಲಿ ಈಗ ಇರುವುದು ಬೇಕೆಂದಾಗ ಹಾಕಿ ತೆಗೆಯುವ ಹಲ್ಲಿನ ಸೆಟ್ಟು ಮಾತ್ರ. ಆದರೆ ನಿಮ್ಮ ತಮ್ಮನ ಹಲ್ಲು ಬೆಳೆದು, ಇಪ್ಪತ್ತು ವರ್ಷ ಕೆಲಸ ಮಾಡಿ, ಪೆಟ್ಟಿಗೆ ಹೋಗಿದೆ. ಅಂಥ ಜಾಗದಲ್ಲಿ ಎಬ್ಬಿಸಲು ಮೊಗ್ಗು ಉಳಿದಿರುತ್ತದಾ? ದೊಡ್ಡವರಲ್ಲೂ ಹಾಲುಹಲ್ಲು, ಕಾಯಂ ಹಲ್ಲು ಆದಮೇಲಿನ ಮೂರನೇ ಸಾಲಿನ ಮೊಗ್ಗಿನ ಕುರುಹು ಇದೆ ಅನ್ನುವುದು ತಕಹಾಶಿ ಅವರ ವಾದ, ಅದು ಇನ್ನೂ ವಾದವೇ. ಮೊಗ್ಗು ಎದ್ದರೂ ಸರಿಯಾದ ಜಾಗದಲ್ಲಿ, ಸರಿಯಾದ ಆಕಾರದಲ್ಲಿ ಬಾಚಿಹಲ್ಲೇ ಬರಬೇಕು.

ಅಷ್ಟರಲ್ಲಿ ಮೂಳೆಗೆ ಏನಾಗುತ್ತದೆ ನೋಡಿ. ಹಲ್ಲಿನ ಸುತ್ತಲಿನ ಮೂಳೆ ಇರುವುದೇ ಹಲ್ಲಿಗಾಗಿ. ಅಗಿಯುವಾಗ ಬೇರಿನ ನಾರು ಜಗ್ಗುತ್ತಿದ್ದರೆ ಅದು ಉಳಿಯುತ್ತದೆ, ಜಗ್ಗುವುದು ನಿಂತರೆ ಕರಗಿಸುವ ಕೋಶಗಳ ಕೈ ಮೇಲಾಗುತ್ತದೆ. ದವಡೆಯನ್ನು ಕೂಡಿಸಿದ ಅದೇ ಜೀವಂತಿಕೆ ಇಲ್ಲಿ ನಮ್ಮ ವಿರುದ್ಧ ಕೆಲಸ ಮಾಡುತ್ತದೆ. ಹಿಂದಿನ ಹಲ್ಲು ಕಿತ್ತವರನ್ನು ಅಳೆದು ನೋಡಿದ, 2003ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಒಂದು ಅಧ್ಯಯನದಲ್ಲಿ ಒಂದು ವರ್ಷದಲ್ಲಿ ಆ ಜಾಗದ ದವಡೆಯ ಅಗಲ ಸುಮಾರು ಅರ್ಧಕ್ಕೆ ಇಳಿದಿತ್ತು. ಅದರಲ್ಲಿ ಮೂರನೇ ಎರಡು ಪಾಲು ಮೊದಲ ಮೂರು ತಿಂಗಳಲ್ಲೇ ಹೋಗಿತ್ತು. ಮೇಲಿನ ಮುಂದಿನ ಹಲ್ಲಿನ ಎದುರುಗೋಡೆ ಮೊದಲೇ ಕಾಗದದಷ್ಟು ತೆಳು.

ಇಂಪ್ಲಾಂಟ್ ಬಗ್ಗೆ ಅವನಿಗೆ ಭಯ ಇದ್ದರೆ ಇದನ್ನೂ ಹೇಳಿ. ಸ್ವೀಡನ್ನಿನ ಬ್ರೋನೆಮಾರ್ಕ್ ಅನ್ನುವ ವೈದ್ಯರು 1952ರಲ್ಲಿ ಮೊಲದ ಕಾಲಿನ ಮೂಳೆಯೊಳಗೆ ರಕ್ತದ ಹರಿವು ನೋಡಲು ಟೈಟಾನಿಯಂ ಉಪಕರಣ ಕೂರಿಸಿದ್ದರು. ಪ್ರಯೋಗ ಮುಗಿದ ಮೇಲೆ ತೆಗೆಯಲು ಹೋದರೆ ಅದು ಬರಲಿಲ್ಲ, ಮೂಳೆ ಅದನ್ನು ತಬ್ಬಿಕೊಂಡಿತ್ತು. 1965ರಲ್ಲಿ ಮೊದಲ ಬಾರಿಗೆ ಮನುಷ್ಯರ ದವಡೆಯಲ್ಲಿ ಹಾಕಿದರು. ಆ ರೋಗಿ ಅದೇ ಇಂಪ್ಲಾಂಟ್‌ಗಳಲ್ಲಿ ನಾಲ್ಕು ದಶಕ ಊಟ ಮಾಡಿದರು. ಕೂಡಿಸುವ ಕೆಲಸ ಅಲ್ಲೂ ನಿಮ್ಮ ತಮ್ಮನ ದವಡೆ ಕೂಡಿಸಿದ ಅದೇ ಕೋಶಗಳದ್ದು.

ಈಗ ಮಾಡಬೇಕಾದ್ದು ಹೇಳುತ್ತೇನೆ. ಬಾಯಿ ಮತ್ತು ದವಡೆಯ ಸರ್ಜನ್ ಹತ್ತಿರ ಹೋಗಿ ಆ ಜಾಗದ ಸಿಬಿಸಿಟಿ, ಅಂದರೆ ಮೂಳೆಯನ್ನು ಎಲ್ಲ ಕಡೆಯಿಂದ ತೋರಿಸುವ ಸ್ಕ್ಯಾನ್, ಮಾಡಿಸಿ, ಮಾಮೂಲಿ ಎಕ್ಸ್‌ರೇಯಲ್ಲಿ ಮೂಳೆಯ ಅಗಲ ಗೊತ್ತಾಗುವುದಿಲ್ಲ. ಮೂಳೆ ಸಾಕಷ್ಟಿದ್ದರೆ ನೇರ ಇಂಪ್ಲಾಂಟ್, ಸಾಲದಿದ್ದರೆ ಮೊದಲು ಮೂಳೆ ಕಸಿ, ಅದು ಗಟ್ಟಿಯಾಗಲು ನಾಲ್ಕರಿಂದ ಆರು ತಿಂಗಳು. ಈಗ ದುಡ್ಡಿಗೆ ಕಷ್ಟ ಇದ್ದರೆ ಅದನ್ನು ಡಾಕ್ಟರಿಗೆ ಸಂಕೋಚವಿಲ್ಲದೆ ಹೇಳಿ. ಪಕ್ಕದ ಹಲ್ಲಿನ ಹಿಂಬದಿಗೆ ಅಂಟಿಸುವ ಬ್ರಿಡ್ಜ್ ಕಮ್ಮಿ ಖರ್ಚಿನಲ್ಲಿ ಆಗುತ್ತದೆ, ಅದಕ್ಕಾಗಿ ಒಳ್ಳೆಯ ಹಲ್ಲನ್ನು ಜಾಸ್ತಿ ಅರೆದು ಸಣ್ಣ ಮಾಡಬೇಕಾಗಿಲ್ಲ, ಮುಂದೆ ಇಂಪ್ಲಾಂಟ್‌ಗೂ ದಾರಿ ಉಳಿಯುತ್ತದೆ. ಆದರೆ ಅದು ಮೂಳೆ ಸವೆಯುವುದನ್ನು ನಿಲ್ಲಿಸುವುದಿಲ್ಲ. ಸಿಗರೇಟ್, ಗುಟ್ಕಾ ಇದ್ದರೆ ಈಗಲೇ ಬಿಡಿಸಿ, ರಕ್ತನಾಳ ಹೊಸದಾಗಿ ಚಿಗುರಲು ಅವು ಬಿಡುವುದಿಲ್ಲ. ತುದಿ ಮುರಿದ ಹಲ್ಲಿನ ಜೀವದ ಪರೀಕ್ಷೆಯನ್ನು ಈಗೊಮ್ಮೆ ಮಾಡಿಸಿ, ಮತ್ತೆ ಮೂರು ತಿಂಗಳಿಗೆ, ಅಪಘಾತವಾಗಿ ಒಂದು ವರ್ಷ ಆದಾಗ ಇನ್ನೊಮ್ಮೆ. ಪೆಟ್ಟು ಬಿದ್ದ ಹಲ್ಲು ತಿಂಗಳುಗಳ ನಂತರವೂ ನೋವೇ ಇಲ್ಲದೆ ಒಳಗೆ ಸಾಯುವುದುಂಟು. ಬಣ್ಣ ಬೂದಿಯಾಗುತ್ತಾ ಬಂದರೆ ಮೂರು ತಿಂಗಳು ಕಾಯದೆ ಅದೇ ವಾರ ಹೋಗಿ.